ಗೋಪಾಲಗೌಡ ಸರ್ಕಲ್ ಅಂದ್ರೆ ಯಾವ ಗೋಪಾಲಗೌಡರು? – ಪಾಡ್‌ಕಾಸ್ಟ್ ಪಠ್ಯರೂಪ

(ಅರಸೀಕೆರೆ ಸಮೀಪದ ಮಾಲೇಕಲ್ಲಿನಲ್ಲಿ ಧ್ವನಿಮುದ್ರಿಸಿದ ಮಾತಿನ ಬರಹ ರೂಪ. ಆಡುಮಾತನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಹಿಂದೆ ತಿರುಪತಿ ಬೆಟ್ಟದ ಕಡೆಯಿಂದ ಗಾಳಿ ಸ್ವಲ್ಪ ಜೋರಾಗಿ ಬೀಸ್ತಾ ಇದೆ, ಮಧ್ಯೆ ಮಧ್ಯೆ ಸದ್ದು ಕೇಳಿದ್ರೆ ಬೇಜಾರು ಮಾಡ್ಕೋಬೇಡಿ.

ಹೋದ ಸಂಚಿಕೆ ಕೇಳಿದ ಒಬ್ಬರು ಒಂದು ಪ್ರಶ್ನೆ ಕಳಿಸಿದ್ದರು. "ತೀರಿಕೊಂಡ ಶಾಸಕರ ಬಗ್ಗೆ ಮಾತಾಡ್ತೀನಿ ಅಂದ್ರಿ, ನಮ್ಮ ಜಿಲ್ಲೆಯವರ ಬಗ್ಗೆ ಮಾತಾಡಿ, ಶಿವಮೊಗ್ಗದವರು ಯಾಕೆ?" ಅಂತ. ನ್ಯಾಯವಾದ ಪ್ರಶ್ನೆ. ಪಕ್ಕದ ಬೇಲೂರಿನ ವೈ.ಎನ್. ರುದ್ರೇಶಗೌಡರು 1996ರಲ್ಲಿ ಹಾಸನದ ಸಂಸದರಾಗಿದ್ದವರು, ಆಮೇಲೆ 2008 ಮತ್ತು 2013ರಲ್ಲಿ ಬೇಲೂರಿನಿಂದ ವಿಧಾನಸಭೆಗೆ ಗೆದ್ದವರು. 2018ರ ಮಾರ್ಚ್‌ನಲ್ಲಿ, ಚುನಾವಣೆ ಬಾಗಿಲಿಗೆ ಬಂದಿದ್ದಾಗ, ಶಾಸಕರಾಗಿರುವಾಗಲೇ ಹೋಗಿಬಿಟ್ಟರು. ಅವರನ್ನು ಹತ್ತಿರದಿಂದ ಕಂಡವರು, ಅವರ ಜೊತೆ ಓಡಾಡಿದವರು ಇನ್ನೂ ಊರೂರಲ್ಲಿದ್ದಾರೆ. ಆ ಮಾತು ಅವರು ಆಡಲಿ, ಅದೇ ಚೆಂದ. ನಾನು ಇವತ್ತು ಹೇಳೋದು, ನೋಡಿದವರೇ ಕಡಿಮೆಯಾಗ್ತಾ ಇರೋ ಒಬ್ಬರ ಬಗ್ಗೆ. ಶಾಂತವೇರಿ ಗೋಪಾಲಗೌಡರು.

ಬೆಂಗಳೂರಿಗೆ ಹೋದವರು ವಿಧಾನಸೌಧದ ಪಕ್ಕ ಗೋಪಾಲಗೌಡ ಸರ್ಕಲ್ ದಾಟಿರ್ತೀರಿ. ಸಿಗ್ನಲ್‌ನಲ್ಲಿ ಬಸ್ಸು ನಿಂತಾಗ ಬೋರ್ಡು ಓದಿರ್ತೀರಿ. ನಮ್ಮೂರಿನ ನಾಲ್ಕು ಜನ ಹುಡುಗರನ್ನ ಕೇಳಿದೆ, ಬೆಂಗಳೂರಲ್ಲೇ ಕೆಲಸ ಮಾಡೋರು. ಒಬ್ಬ "ಹಳೇ ಮಿನಿಸ್ಟ್ರು ಇರ್ಬೇಕು ಅಣ್ಣ" ಅಂದ. ಇನ್ನೊಬ್ಬ "ಕಾರ್ಪೊರೇಟರ್ರಾ?" ಅಂದ. ಗೋಪಾಲಗೌಡರು ಮಂತ್ರಿ ಆಗಲೇ ಇಲ್ಲ. ಒಂದು ದಿನವೂ ಆಡಳಿತ ಪಕ್ಷದಲ್ಲಿ ಕೂತವರಲ್ಲ. ಮೂರು ಸಲ ಗೆದ್ದರು, ಮೂರೂ ಸಲ ವಿರೋಧ ಪಕ್ಷದ ಬೆಂಚು. ಅಂಥವರ ಹೆಸರು ಶಾಸನಸಭೆಯ ಬಾಗಿಲಲ್ಲೇ ಇದೆ ಅಂದಮೇಲೆ ಅದಕ್ಕೊಂದು ಕಾರಣ ಇರಬೇಕಲ್ಲ.

1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದರು. ಬಡತನದ ಮನೆ. 1942ರ ಚಳವಳಿಯಲ್ಲಿ ಹುಡುಗನಾಗಿದ್ದಾಗಲೇ ಶಿವಮೊಗ್ಗದ ಜೈಲು ಕಂಡರು. ಸ್ವಾತಂತ್ರ್ಯ ಬಂದಮೇಲೆ ಜೊತೆಯವರು ಬಹಳ ಜನ ಕಾಂಗ್ರೆಸ್ಸಲ್ಲಿ ನೆಲೆ ಕಂಡುಕೊಂಡರೆ ಇವರು ಸೋಷಿಯಲಿಸ್ಟ್ ಪಾರ್ಟಿ ಸೇರಿದರು. ಲೋಹಿಯಾ, ಜೆಪಿ ಅವರ ದಾರಿ.

ಇಲ್ಲಿಂದ ಮುಂದೆ ಕಾಗೋಡಿಗೆ ಬರಬೇಕು. ಕಾಗೋಡು ಬಿಟ್ಟರೆ ಗೋಪಾಲಗೌಡರು ಅರ್ಥ ಆಗಲ್ಲ.

ಕಾಗೋಡು ಸಾಗರ ತಾಲ್ಲೂಕಿನ ಸಣ್ಣ ಹಳ್ಳಿ. ಗೇಣಿ ಮಾಡ್ತಿದ್ದವರಲ್ಲಿ ಹೆಚ್ಚಿನವರು ದೀವರು, ಭೂಮಿ ಒಡೆಯರದ್ದು. ಜಗಳ ಎದ್ದಿದ್ದು ಯಾವುದಕ್ಕೆ ಅಂತ ಕೇಳಿದ್ರೆ ಈಗಿನವರಿಗೆ ನಗು ಬರಬಹುದು. ಕೊಳಗಕ್ಕೆ! ಭತ್ತ ಅಳೆಯೋ ಕೊಳಗ. ಗೇಣಿ ಇಷ್ಟು ಖಂಡುಗ ಅಂತ ಮಾತಾಗಿರ್ತಿತ್ತು. ಆದರೆ ಒಡೆಯರ ಮನೆಯಲ್ಲಿ ಅಳೆದುಕೊಳ್ಳೋ ಕೊಳಗ ದೊಡ್ಡದು. ಲೆಕ್ಕ ಹಾಕಿ ನೋಡಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗ ಅರ್ಧ ಸೇರು ದೊಡ್ಡದು ಅಂತ ಇಟ್ಕೊಳ್ಳಿ, ಖಂಡುಗಕ್ಕೆ ಹತ್ತು ಸೇರು ಹೆಚ್ಚಿಗೆ ಹೋಯ್ತು. ಹತ್ತು ಖಂಡುಗ ಗೇಣಿ ಕೊಡೋನು ನೂರು ಸೇರು ಭತ್ತ ಸುಮ್ಮನೆ ಕೊಟ್ಟಂಗಾಯ್ತು, ಪ್ರತಿ ವರ್ಷ. ಮಾತಲ್ಲಿ ಗೇಣಿ ಏರಿಲ್ಲ, ಪಾತ್ರೆ ಮಾತ್ರ ದೊಡ್ಡದಾಗಿದೆ. ಇದಕ್ಕೆ ಪ್ರಶ್ನೆ ಕೇಳಿದ್ದೇ ತಪ್ಪಾಯ್ತು. ಗೇಣಿಗೆ ಕೊಟ್ಟ ಭೂಮಿಯನ್ನೇ ವಾಪಸ್ ಕಿತ್ತುಕೊಂಡರು.

ಎಚ್. ಗಣಪತಿಯಪ್ಪನವರು ಅಲ್ಲಿ ರೈತ ಸಂಘ ಕಟ್ಟಿದ್ದರು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹಿಡಿದು ಆ ಗದ್ದೆಗೇ ಇಳಿದರು. ಸತ್ಯಾಗ್ರಹ ಅಂದ್ರೆ ಅಷ್ಟೇ, ತಾವು ಉಳ್ತಿದ್ದ ಭೂಮಿಯನ್ನು ಉಳೋದು. ಪೊಲೀಸರು ಹಿಡಿದರು. ಮಾರನೇ ದಿನ ಇನ್ನೊಂದಷ್ಟು ಜನ ಇಳಿದರು. ಹೆಂಗಸರೂ ಇಳಿದರು. ಸೋಷಿಯಲಿಸ್ಟ್ ಪಾರ್ಟಿ ಚಳವಳಿಗೆ ಹೆಗಲು ಕೊಟ್ಟಿತು, ಗೋಪಾಲಗೌಡರು ಮುಂದೆ ನಿಂತರು. ಜೂನ್‌ನಲ್ಲಿ ರಾಮ ಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದರು. ಸಾಗರದ ರೈಲ್ವೆ ಸ್ಟೇಷನ್‌ನಲ್ಲಿ ಅವರನ್ನೂ ಹಿಡಿದು ಒಳಗೆ ಹಾಕಿದರು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಸಾಗರದಿಂದ ಶಿವಮೊಗ್ಗ, ಬೀರೂರು ಮೇಲೆ ಬೆಂಗಳೂರಿಗೆ ಹೋಗೋ ರೈಲು ನಮ್ಮ ಅರಸೀಕೆರೆ ದಾಟದೆ ಹೋಗಲ್ಲ. ಆಗಲೂ ಅದೇ, ಈಗಲೂ ಅದೇ. ಶಿವಮೊಗ್ಗದವರು ನಮಗೇನು ಅಂತ ಕೇಳಿದರಲ್ಲ, ಆ ಸೀಮೆಯ ರಾಜಕಾರಣ ಬೆಂಗಳೂರಿಗೆ ಹೋಗಿದ್ದು ನಮ್ಮ ಜಂಕ್ಷನ್ ಮೇಲೇ!

ಈಗ 1952ರ ಚುನಾವಣೆ. ದೇಶದ ಮೊದಲ ಸಾರ್ವತ್ರಿಕ ಚುನಾವಣೆ. ಆಗ ಮೈಸೂರು ವಿಧಾನಸಭೆಯಲ್ಲಿ 99 ಸ್ಥಾನ. ಕಾಂಗ್ರೆಸ್ಸಿಗೆ 74 ಬಂತು, ಸೋಷಿಯಲಿಸ್ಟರಿಗೆ ಮೂರೇ ಮೂರು. ಆ ಮೂರರಲ್ಲಿ ಒಂದು ಸಾಗರ-ಹೊಸನಗರದ್ದು. ಇನ್ನೂ ಮೂವತ್ತು ತುಂಬದ ಗೋಪಾಲಗೌಡರು ಅಲ್ಲಿ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ ಅವರಂಥ ಪ್ರಬಲರನ್ನು ಸೋಲಿಸಿದರು. ಕೈಯಲ್ಲಿ ದುಡ್ಡಿಲ್ಲ. "ಒಂದು ಓಟು, ಒಂದು ನೋಟು" ಅಂತ ಕೇಳ್ತಾ ಹೋದರು. ಓಟೂ ಕೊಡಿ, ಒಂದು ರೂಪಾಯಿ ನೋಟೂ ಕೊಡಿ. ಗೇಣಿ ಮಾಡೋನಿಗೆ ಒಂದು ರೂಪಾಯಿ ಅಂದ್ರೆ ಆಗ ಸಣ್ಣದಲ್ಲ. ಕೊಟ್ಟರು. ಈ ಮಾತನ್ನ ಈಗ ಭಾಷಣದಲ್ಲಿ ತುಂಬಾ ಜನ ಹೇಳ್ತಾರೆ, ಹೇಳಿ ಚಪ್ಪಾಳೆ ತಗೋತಾರೆ. ಅದೇ ವೇದಿಕೆ ಇಳಿದು ಬೂತಿಗೆ ಇಷ್ಟು ಅಂತ ಕವರು ಹಂಚೋಕೆ ಹೋಗ್ತಾರೆ, ಅದು ಬೇರೆ ವಿಚಾರ.

ಈ ಚುನಾವಣೆಯ ಇನ್ನೊಂದು ಮುಖವನ್ನ ಹೇಳೋರು ಕಡಿಮೆ. ಅದೇ ವರ್ಷ ಶಿವಮೊಗ್ಗದಿಂದ ಲೋಕಸಭೆಗೆ ಗೆದ್ದವರು ಕಾಂಗ್ರೆಸ್ಸಿನ ಕೆ.ಜಿ. ಒಡೆಯರ್. ಅಂದ್ರೆ ಕಾಗೋಡಿನ ಒಡೆಯರು. ಗೇಣಿದಾರರ ಪರ ನಿಂತವರು ಬೆಂಗಳೂರಿಗೆ ಹೋದರು, ಭೂಮಾಲೀಕರು ದಿಲ್ಲಿಗೆ ಹೋದರು. ಜನ ಒಂದೇ ದಿಕ್ಕಲ್ಲಿ ಎದ್ದುಬಿಟ್ಟರು, ಕಾಗೋಡು ಗೆದ್ದೇಬಿಟ್ಟಿತು ಅಂತ ನಾವು ಕತೆ ಕಟ್ತೀವಿ, ಹಂಗೆ ಆಗಲಿಲ್ಲ. ಗೋಪಾಲಗೌಡರ ಮುಂದೆ ಇದ್ದಿದ್ದು ಅಂಥ ಸಮಾಜ. 1957ರಲ್ಲಿ ಅವರೇ ಸೋತರು ಕೂಡ. ಐದು ವರ್ಷ ಸದನದಲ್ಲಿ ರೈತರಿಗಾಗಿ ಮಾತಾಡಿದ ಮನುಷ್ಯ, ಸೋತರು. ಮತ್ತೆ ತೀರ್ಥಹಳ್ಳಿಯಿಂದ 1962ರಲ್ಲಿ, 1967ರಲ್ಲಿ ಗೆದ್ದರು.

1962 ಅಂದಾಗ ನಮ್ಮ ಜಿಲ್ಲೆಯವರು ಕಿವಿ ನಿಮಿರಿಸಬೇಕು. ಹೊಳೆನರಸೀಪುರದಿಂದ ಪಕ್ಷೇತರರಾಗಿ ಎಚ್.ಡಿ. ದೇವೇಗೌಡರು ಮೊದಲ ಸಲ ವಿಧಾನಸಭೆಗೆ ಬಂದಿದ್ದೂ ಅದೇ ಚುನಾವಣೆಯಲ್ಲಿ. ಒಬ್ಬರು ತೀರ್ಥಹಳ್ಳಿ, ಒಬ್ಬರು ಹೊಳೆನರಸೀಪುರ, ಒಂದೇ ಸದನ. 1967ರಲ್ಲಿ ಸೊರಬದಿಂದ ಬಂಗಾರಪ್ಪನವರು ಬಂದರು. ಅದೇ ವರ್ಷ ಜೆ.ಎಚ್. ಪಟೇಲರು ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಕನ್ನಡದಲ್ಲೇ ಮಾತಾಡಿದರು. ಇವರಿಬ್ಬರೂ ಗೋಪಾಲಗೌಡರ ಗರಡಿಯವರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. ಗರಡಿಯ ಯಜಮಾನರು ಮಾತ್ರ ವಿರೋಧ ಪಕ್ಷದ ಶಾಸಕರಾಗೇ ಉಳಿದರು.

ಸದನದಲ್ಲಿ ಅವರ ಸಿಟ್ಟಿನ ಬಗ್ಗೆ ಕತೆಗಳು ಬೇಕಾದಷ್ಟಿವೆ. ಮೈಕು, ಕಾಗದ, ಹಾಗೆ ಮಾಡಿದರಂತೆ, ಹೀಗೆ ಮಾಡಿದರಂತೆ. ಕೇಳೋಕೆ ಮಜವಾಗಿರುತ್ತೆ. ನಾನು ಅವನ್ನ ಇವತ್ತು ಹೇಳಲ್ಲ. ಈಗ ದಿನಾ ಟಿವಿಯಲ್ಲಿ ನೋಡ್ತೀವಲ್ಲ, ಬಾವಿಗೆ ಇಳಿಯೋದು, ಕಾಗದ ಹರಿಯೋದು. ಇವರೆಲ್ಲಾ "ಗೋಪಾಲಗೌಡರೂ ಮಾಡಿದ್ರು ಬಿಡ್ರಿ" ಅಂತ ಆ ಕತೆಗಳನ್ನ ಅಡ್ಡ ಇಟ್ಕೋತಾರೆ. ಸಿಟ್ಟು ಯಾವುದಕ್ಕೆ ಬಂತು ಅನ್ನೋದು ಬಿಟ್ಟು, ಸಿಟ್ಟು ಬಂತು ಅನ್ನೋದಷ್ಟನ್ನೇ ಇಟ್ಕೊಂಡ್ರೆ ಏನು ಪ್ರಯೋಜನ?

ಯಾವುದಕ್ಕೆ ಬಂತು ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಅದು ಕಾನೂನಿನ ವಿಚಾರ.

ಗೇಣಿದಾರರಿಗೆ ಕಾನೂನೇ ಇರಲಿಲ್ಲ ಅಂತಲ್ಲ. 1952ರಲ್ಲೇ ಮೈಸೂರು ಗೇಣಿ ಕಾಯ್ದೆ ಬಂತು. ಆಗ ಕಂದಾಯ ಮಂತ್ರಿ ಕಡಿದಾಳ್ ಮಂಜಪ್ಪನವರು. ಅವರೂ ತೀರ್ಥಹಳ್ಳಿ ಸೀಮೆಯವರೇ, ಪ್ರಾಮಾಣಿಕರು, ಅದರಲ್ಲಿ ಎರಡು ಮಾತಿಲ್ಲ. ಒಂದೇ ತಾಲ್ಲೂಕಿನ ಇಬ್ಬರು, ಒಬ್ಬರು ಸರ್ಕಾರದಲ್ಲಿದ್ದು ಕಾನೂನು ತರೋರು, ಇನ್ನೊಬ್ಬರು ಎದುರಿಗೆ ನಿಂತು ಇದು ಸಾಲದು ಅನ್ನೋರು. ನಮಗೆ ಇಬ್ಬರೂ ಬೇಕಾಗಿತ್ತು ಅಂತ ನನ್ನ ಅಭಿಪ್ರಾಯ. ಆಮೇಲೆ 1961ರ ಭೂಸುಧಾರಣಾ ಕಾಯ್ದೆ ಬಂತು, ಅದು ಜಾರಿಗೆ ಬಂದಿದ್ದು 1965ರ ಅಕ್ಟೋಬರ್ 2ಕ್ಕೆ. ಅದರಲ್ಲೊಂದು ಕಿಂಡಿ ಇತ್ತು. ಮಾಲೀಕರು "ನಾನೇ ಸ್ವಂತ ಸಾಗುವಳಿ ಮಾಡ್ತೀನಿ" ಅಂತ ಹೇಳಿ ಭೂಮಿ ವಾಪಸ್ ಪಡೀಬಹುದಾಗಿತ್ತು. ಕಾನೂನು ಕಾಗದದಲ್ಲಿ ಇತ್ತು, ಜಾರಿಗೆ ಬರೋಕೆ ವರ್ಷಗಟ್ಟಲೆ ಹಿಡೀತು, ಅಷ್ಟರಲ್ಲಿ ಗೇಣಿದಾರನ್ನ ಎಬ್ಬಿಸೋಕೆ ಬೇಕಾದಷ್ಟು ಸಮಯ ಸಿಕ್ತು. ಯಾರು ಉಳ್ತಿದ್ದಾರೋ ಅವರ ಹೆಸರಿಗೆ ಬರೀರಿ ಅಂತ ಸೋಷಿಯಲಿಸ್ಟರು ಕೇಳ್ತಾ ಇದ್ದಿದ್ದು ಇದಕ್ಕೇ. "ಉಳುವವನೇ ಹೊಲದೊಡೆಯ" ಅನ್ನೋದು ಗೋಡೆ ಬರಹ ಅಲ್ಲ, ಕಾಯ್ದೆಯ ತಿದ್ದುಪಡಿಗೆ ಕೊಟ್ಟ ಬೇಡಿಕೆ.

ಇದು ನಮ್ಮ ಮನೆಗೂ ಸೇರಿದ ವಿಚಾರ, ಅದಕ್ಕೇ ಸ್ವಲ್ಪ ಉದ್ದ ಮಾಡ್ತಾ ಇದ್ದೀನಿ. ಅರಸೀಕೆರೆ ಬಯಲು ಸೀಮೆ, ರಾಗಿ, ತೆಂಗು, ಇಲ್ಲಿ ಗೇಣಿ ಕತೆ ಅಷ್ಟಿಲ್ಲ. ನಮ್ಮ ತಾಯಿಯ ತವರು ಬೇಲೂರಿನ ಮಲೆನಾಡು ಅಂಚು. ತಾತ ಗೇಣಿಗೆ ಗದ್ದೆ ಮಾಡ್ತಿದ್ದರು. 1974ರಲ್ಲಿ ಹೊಸ ಕಾಯ್ದೆ ಬಂದಾಗ ಊರಲ್ಲಿ ಎಲ್ಲರೂ "ಡಿಕ್ಲರೇಷನ್ ಹಾಕಿ, ಡಿಕ್ಲರೇಷನ್ ಹಾಕಿ" ಅಂತಿದ್ರಂತೆ. ಏಳನೇ ನಂಬರ್ ಫಾರಂ. ತಾತ ಹಾಕಲಿಲ್ಲ. ಭಯಕ್ಕಲ್ಲ. "ಅವರ ಮನೆ ಅನ್ನ ತಿಂದು ಅವರ ಮೇಲೆ ಅರ್ಜಿ ಹಾಕದಾ?" ಅನ್ನೋರಂತೆ. ಅಮ್ಮ ಹೇಳ್ತಿದ್ದಿದ್ದು, ಅಜ್ಜಿಗೇ ಸಿಟ್ಟು ಬಂದು, "ಅವರು ನಿಮಗೆ ಅನ್ನ ಹಾಕಿದ್ರೋ, ನೀವು ಅವರ ಪಣತ ತುಂಬಿಸಿದ್ರೋ" ಅಂತ ಕೇಳಿದ್ರಂತೆ. ಕೊನೆಗೆ ಹಾಕಿದ್ದು ಕಡೇ ಗಳಿಗೆಯಲ್ಲಿ. ಗಡುವು ಮೊದಲು 1974ರ ಡಿಸೆಂಬರ್ ಕೊನೆಯವರೆಗೆ ಇತ್ತು, ಆಮೇಲೆ 1979ರ ಜೂನ್ 30ರ ತನಕ ಕೊಟ್ಟರು. ಆ ವಿಸ್ತರಣೆ ಇಲ್ಲದಿದ್ದರೆ ನಮ್ಮ ಮಾವಂದಿರಿಗೆ ಭೂಮಿ ಇರ್ತಿರಲಿಲ್ಲ.

ಭೂನ್ಯಾಯ ಮಂಡಳಿ ಮುಂದೆ ತಾತ ಒಬ್ಬರೇ ನಿಂತು ಮಾತಾಡಿದರು. ಯಾಕಂದ್ರೆ ಆಗ ಮಂಡಳಿ ಮುಂದೆ ವಕೀಲರು ಬರೋ ಹಾಗಿರಲಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ಸದಸ್ಯರು, ಎದುರಿಗೆ ಮಾಲೀಕರು ಮತ್ತು ಗೇಣಿದಾರ. ವಕೀಲರು ಬಂದರೆ ದುಡ್ಡಿದ್ದವನ ವಕೀಲನೇ ಗೆಲ್ತಾನೆ ಅಂತ ಗೊತ್ತಿದ್ದವರು ಬರೆದ ಕಾನೂನು ಅದು. ಹೊಲದಲ್ಲಿ ನಿಂತು ಯೋಚನೆ ಮಾಡಿದ್ದರಿಂದ ಮಾತ್ರ ಅಂಥ ಸಾಲು ಕಾನೂನಿಗೆ ಬರುತ್ತೆ.

ಆ ಕಾಯ್ದೆ ಜಾರಿಗೆ ಬಂದಿದ್ದು 1974ರ ಮಾರ್ಚ್ 1ಕ್ಕೆ, ದೇವರಾಜ ಅರಸರ ಕಾಲದಲ್ಲಿ. ಅರಸರಿಗೆ ಅದರ ಹೆಸರು ಸಲ್ಲಲೇಬೇಕು, ತಮ್ಮ ಪಕ್ಷದ ಭೂಮಾಲೀಕರನ್ನೇ ಎದುರು ಹಾಕಿಕೊಂಡು ಮಾಡಿದರು. ಆದರೆ ಗೋಪಾಲಗೌಡರು ಅದನ್ನ ನೋಡಲಿಲ್ಲ. ಅರಸರು ಮುಖ್ಯಮಂತ್ರಿ ಆಗಿದ್ದು 1972ರ ಮಾರ್ಚ್‌ನಲ್ಲಿ. ಗೋಪಾಲಗೌಡರು ಆಗಲೇ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಜೂನ್ 9ಕ್ಕೆ ತೀರಿಕೊಂಡರು. ನಲವತ್ತೊಂಬತ್ತು ವರ್ಷ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಡಿ, ಆಡಳಿತ ಕನ್ನಡದಲ್ಲಿ ನಡೀಲಿ ಅಂತ ಸದನದಲ್ಲಿ ಕೇಳುತ್ತಾ ಬಂದವರು ಅವರು. ಹೆಸರು ಬದಲಾಗಿದ್ದು 1973ರ ನವೆಂಬರ್ 1ಕ್ಕೆ. ಅದನ್ನೂ ನೋಡಲಿಲ್ಲ. ಅಂದ್ರೆ ಅವರು ದಾಖಲೆ ಪ್ರಕಾರ ಹೋಗಿದ್ದು ಮೈಸೂರು ರಾಜ್ಯದ ಪ್ರಜೆಯಾಗೇ.

ಕೆಲವರು ಗೋಪಾಲಗೌಡರನ್ನ ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯಿಂದ ಬಲ್ಲರು. 1978ರಲ್ಲಿ ಬಂದಿದ್ದು. ಅದರ ಕೃಷ್ಣಪ್ಪಗೌಡ ಅನ್ನೋ ಪಾತ್ರಕ್ಕೆ ಗೋಪಾಲಗೌಡರೇ ಪ್ರೇರಣೆ ಅನ್ನೋದು ಗೊತ್ತಿರೋ ವಿಚಾರ. ಆಮೇಲೆ ಸಿನಿಮಾನೂ ಆಯ್ತು, ಅನಂತನಾಗ್ ಮಾಡಿದ್ದರು. ಕಾದಂಬರಿ ಓದಿ, ಖಂಡಿತ ಓದಿ. ಆದರೆ ಓದಿ ಮುಗಿಸಿ "ಗೋಪಾಲಗೌಡರು ಹಿಂಗಿದ್ರು" ಅಂತ ತೀರ್ಮಾನ ಮಾಡಬೇಡಿ. ಕಾದಂಬರಿಗೆ ಬೇಕಾಗಿದ್ದು ಒಬ್ಬ ಮನುಷ್ಯನ ಒಳಗಿನ ತಳಮಳ. ಶಾಸಕನಿಗೆ ಅದರ ಜೊತೆಗೆ ಪ್ರಶ್ನೋತ್ತರ ಇರುತ್ತೆ, ಬಜೆಟ್ ಇರುತ್ತೆ, ತಿದ್ದುಪಡಿ ಇರುತ್ತೆ, ಮಳೆಯಲ್ಲಿ ಕೊಚ್ಚಿಹೋದ ಕಾಲುಸಂಕದ ಅರ್ಜಿ ಇರುತ್ತೆ. ಆ ಬೇಸರದ ಕೆಲಸವನ್ನ ಮೂರು ಅವಧಿ ಮಾಡಿದರಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತೆ.

ಒಬ್ಬ ಶಾಸಕರು ತೀರಿಕೊಂಡರೆ ನಾವು ಏನು ಮಾಡ್ತೀವಿ? ಅಧಿವೇಶನ ಶುರುವಾದ ಕೂಡಲೇ ಸಂತಾಪ ಸೂಚನೆ. ಸಭಾಧ್ಯಕ್ಷರು ಓದ್ತಾರೆ, ಪಕ್ಷದ ನಾಯಕರು ಎರಡು ಮಾತಾಡ್ತಾರೆ, ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ. ಅದು ಸದನದ ಮರ್ಯಾದೆ, ಇರಲೇಬೇಕು. ಊರಿನ ಕಡೆ ಫ್ಲೆಕ್ಸು. ಹಾಕಿಸಿದವರ ಫೋಟೋನೇ ತೀರಿಕೊಂಡವರ ಫೋಟೋಗಿಂತ ದೊಡ್ಡದಾಗಿರೋ ಫ್ಲೆಕ್ಸನ್ನೂ ನಾನು ನೋಡಿದ್ದೀನಿ. ಮೂರನೇ ದಿನಕ್ಕೆ ಅದು ಯಾರದೋ ಕೊಟ್ಟಿಗೆಗೆ ಚಾವಣಿ. ಒಂದು ಲೆಕ್ಕದಲ್ಲಿ ಅದೇ ಒಳ್ಳೇ ಉಪಯೋಗ ಅನ್ನಿ.

ನಮ್ಮೂರಲ್ಲೇ ಹೋದ ತಿಂಗಳು ಒಂದು ಮಾತು ಬಂತು. ಬಸ್‌ಸ್ಟಾಪ್ ಪಕ್ಕ ಯಾರಾದರೂ ಹಿರಿಯ ನಾಯಕರ ಪುತ್ಥಳಿ ಇಡೋಣ ಅಂತ. ಯಾರದು ಅನ್ನೋದಕ್ಕೇ ಜಗಳ. ನಾನು ಹೇಳಿದೆ, ಪುತ್ಥಳಿ ಆಮೇಲೆ ನೋಡೋಣ, ಮೊದಲು ಬಗರ್‌ಹುಕುಂ ಅರ್ಜಿ ಹಾಕಿದವರ ಪಟ್ಟಿ ಮಾಡೋಣ. ನಮ್ಮ ಸುತ್ತ ಹಳ್ಳಿಗಳಲ್ಲಿ ಫಾರಂ 50, ಫಾರಂ 53, ಈಗ ಫಾರಂ 57, ಹೀಗೆ ನಂಬರ್ ಬದಲಾಗ್ತಾ ಬಂದಿದೆ, ಅರ್ಜಿ ಹಾಕಿದ ಮನೆಗಳು ಅವೇ. ಅಪ್ಪ ಹಾಕಿದ ಅರ್ಜಿಗೆ ಮಗ ಓಡಾಡ್ತಿದ್ದಾನೆ. ಕೈಯಲ್ಲಿ ಹಿಂಬರಹ ಇಲ್ಲ, ಪಹಣಿಯಲ್ಲಿ ಹೆಸರಿಲ್ಲ, ಉಳೋದು ಮಾತ್ರ ನಿಂತಿಲ್ಲ. 1951ರ ಗೇಣಿದಾರನಿಗೆ ಎದುರಿಗೆ ಒಡೆಯ ಕಾಣ್ತಿದ್ದ, ಜಗಳ ಆಡಬಹುದಿತ್ತು. ಈಗಿನವನಿಗೆ ಎದುರಿಗೆ ಇರೋದು ಒಂದು ಕೌಂಟರು.

ಇನ್ನೊಂದು ಕಡೆ ನೋಡಿ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಂಗಳನ್ನ ತೆಗೆದರು. ವ್ಯವಸಾಯಗಾರರಲ್ಲದವರೂ, ಹೆಚ್ಚು ವರಮಾನ ಇರೋರೂ ಕೃಷಿ ಭೂಮಿ ಕೊಳ್ಳೋದಕ್ಕೆ ಇದ್ದ ತಡೆ ಹೋಯ್ತು. "ಉಳುವವನೇ ಒಡೆಯ ಹೋಗಿ ಉಳ್ಳವನೇ ಒಡೆಯ ಆಯ್ತು" ಅಂತ ರೈತ ಸಂಘದವರು ಆಗ ಕೂಗಿದರು. ಮಾರೋನಿಗೆ ಒಳ್ಳೇ ಬೆಲೆ ಸಿಗುತ್ತಲ್ಲ, ತಪ್ಪೇನು ಅಂತ ಕೇಳೋರೂ ಇದ್ದಾರೆ. ಅವರಲ್ಲಿ ನನ್ನ ಸ್ವಂತ ಮಾವನ ಮಗನೂ ಒಬ್ಬ, ಅದೇ ಡಿಕ್ಲರೇಷನ್ ಗದ್ದೆಯ ಪಾಲುದಾರ. ಅವನಿಗೆ ಸಾಲ ಇದೆ, ಮಗಳ ಓದಿದೆ, ಹಾಸನದಲ್ಲಿ ಸೈಟು ಬೇಕು. ಬೇಲೂರಿನ ಕಡೆ ರೆಸಾರ್ಟಿಗೆ ಕೇಳ್ತಿದ್ದಾರಂತೆ. "ತಾತ ನಿಂತು ಮಾತಾಡಿ ತಗೊಂಡ ಗದ್ದೆ ಕಣೋ" ಅಂದೆ. "ತಾತ ಈಗಿದ್ದಿದ್ರೆ ಅವರೂ ಮಾರೋರು ಬಾವ, ಭತ್ತಕ್ಕೆ ಏನು ಸಿಗುತ್ತೆ ನಿಮಗೆ ಗೊತ್ತಾ" ಅಂದ. ನನ್ನ ಹತ್ರ ಉತ್ತರ ಇರಲಿಲ್ಲ. ಸದ್ಯಕ್ಕೆ ಇಲ್ಲ ಕೂಡ. ಗೋಪಾಲಗೌಡರ ಕಾಲದ ಪ್ರಶ್ನೆ ಭೂಮಿ ಯಾರದು ಅನ್ನೋದು. ಅದರ ಬೆನ್ನಿಗೇ ಬರೋ ಪ್ರಶ್ನೆ, ಭೂಮಿ ಸಿಕ್ಕವನು ಅದರಲ್ಲಿ ಬದುಕೋದು ಹೇಗೆ ಅನ್ನೋದು. ಅದನ್ನ ಸದನದಲ್ಲಿ ಅಷ್ಟೇ ಹಟ ಹಿಡಿದು ಕೇಳೋ ಶಾಸಕರು ನಮಗೆ ಬೇಕಾಗಿದ್ದಾರೆ.

ಕಾಗೋಡಿನ ಗೇಣಿದಾರರ ಮನೆತನದಿಂದಲೇ ಬಂದ ಕಾಗೋಡು ತಿಮ್ಮಪ್ಪನವರು 2013ರಲ್ಲಿ ಇದೇ ವಿಧಾನಸಭೆಯ ಸಭಾಧ್ಯಕ್ಷರಾದರು, ಆಮೇಲೆ ಕಂದಾಯ ಮಂತ್ರಿಯೂ ಆದರು. ಗದ್ದೆಗೆ ಇಳಿದಿದ್ದಕ್ಕೆ ಪೊಲೀಸರು ಹಿಡಿದುಕೊಂಡು ಹೋದ ಊರಿನವರು, ಕಂದಾಯ ಇಲಾಖೆಯ ಯಜಮಾನಿಕೆಗೆ ಬಂದರು. ಅರವತ್ತೈದು ವರ್ಷ ಹಿಡೀತು.

ವಿಧಾನಸಭೆಯ ನಡವಳಿಕೆಗಳು ಪುಸ್ತಕವಾಗಿವೆ. ಗೋಪಾಲಗೌಡರು ಮಾತಾಡಿದ್ದು ಅದರಲ್ಲೇ ಇದೆ, ಕಾಗೆ ಗುಬ್ಬಕ್ಕನ ಕತೆಗಳ ಸಹವಾಸ ಇಲ್ಲದೆ. ನಮ್ಮ ವಾಚನಾಲಯದ ಹುಡುಗರಿಗೆ ಹೇಳಿದ್ದೀನಿ, 1952ರಿಂದ 57ರ ಅವಧಿಯ ಭೂಮಿ ಚರ್ಚೆಗಳ ಪುಟಗಳನ್ನ ಹುಡುಕಿ ನಕಲು ತರೋಕೆ. ಸಿಕ್ಕರೆ ಭಾನುವಾರ ಸಂಜೆ ಒಬ್ಬರು ಓದೋದು, ಉಳಿದವರು ಕೇಳೋದು, ಆಮೇಲೆ ಚಹಾ. ಬರೋರು ಬನ್ನಿ. ಬಗರ್‌ಹುಕುಂ ಅರ್ಜಿಯ ರಸೀದಿ ಇದ್ದರೆ ಅದನ್ನೂ ತನ್ನಿ, ಪಟ್ಟಿ ಅಲ್ಲೇ ಬರ್ಕೋತೀವಿ. ಆಷಾಢದ ಜಾತ್ರೆಗೆ ಮುಂಚೆ ಪಟ್ಟಿ ಮುಗಿಸಿದರೆ, ಜಾತ್ರೆಗೆ ಶಾಸಕರು ಬಂದೇ ಬರ್ತಾರಲ್ಲ, ಹಾರದ ಜೊತೆಗೆ ಅದನ್ನೂ ಕೈಗೆ ಕೊಡಬಹುದು.